1999ರಲ್ಲಿ ಒಡೆದ ಜನತಾದಳದಲ್ಲಿ ದೊಡ್ಡ ಹೋಳು ಅಳಿದು ಚಿಕ್ಕ ಹೋಳು ಉಳಿದದ್ದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. 1999ರಲ್ಲಿ ಜನತಾದಳ ಒಡೆದಾಗ ಕರ್ನಾಟಕದಲ್ಲಿ ಹೆಚ್ಚು ಸ್ಥಾನ ಗೆದ್ದ ಸಂಯುಕ್ತ ಜನತಾದಳ (ಜೆಡಿಯು) ಹೇಳಹೆಸರಿಲ್ಲದಂತಾಗಿ, ಕಡಿಮೆ ಗೆದ್ದ ಜಾತ್ಯತೀತ ಜನತಾದಳ (ಜೆಡಿಎಸ್) ಉಳಿದುಕೊಂಡದ್ದು ಹೇಗೆ ಎಂಬುದು ಮೊದಲನೆಯದು. ಬಣ ಜಗಳದಿಂದ ಅಂಥ ಇನ್ನೊಂದು ಪಕ್ಷ ಇಲ್ಲಿ ಹುಟ್ಟಬಹುದೇ ಎಂಬುದು ಎರಡನೆಯದು. ಆ ಚುನಾವಣೆಯನ್ನು ನಾನು ಮತದಾರನಾಗಿ ಕಂಡವನು. ಅಂದು ಹತ್ತೇ ಸ್ಥಾನ ಗಳಿಸಿದ ಜೆಡಿಎಸ್ ಚೇತರಿಸಿಕೊಳ್ಳುತ್ತದೆ ಎಂದು ನಾನಂತೂ ಎಣಿಸಿರಲಿಲ್ಲ.

ಒಡಕಿನ ಬೀಜ 1999ಕ್ಕಿಂತ ಹಿಂದಿನದು. 1994ರಲ್ಲಿ ಜನತಾದಳ 224ರಲ್ಲಿ 115 ಸ್ಥಾನ ಗೆದ್ದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು, 1996ರಲ್ಲಿ ಅವರು ಪ್ರಧಾನಿಯಾದಾಗ ಆ ಸ್ಥಾನಕ್ಕೆ ಜೆ.ಎಚ್. ಪಟೇಲರು ಬಂದರು. ಅದೇ ವರ್ಷ ರಾಮಕೃಷ್ಣ ಹೆಗಡೆಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಅವರು ಲೋಕಶಕ್ತಿ ಎಂಬ ಪಕ್ಷ ಕಟ್ಟಿ, 1998ರಲ್ಲಿ ಬಿಜೆಪಿಯ ಜೊತೆ ಸೇರಿ, ಕೇಂದ್ರದಲ್ಲಿ ಮಂತ್ರಿಯೂ ಆದರು. 1999ರ ಜುಲೈನಲ್ಲಿ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಶರದ್ ಯಾದವ್ ಮತ್ತು ಪಟೇಲರ ಬಣ ಬಿಜೆಪಿ ನೇತೃತ್ವದ ಮೈತ್ರಿಕೂಟವಾದ ಎನ್‌ಡಿಎ ಕಡೆಗೆ ಹೊರಳಿದಾಗ ದೇವೇಗೌಡರ ಬಣ ಒಪ್ಪದೆ ಬೇರೆಯಾಗಿ ಜೆಡಿಎಸ್ ಆಯಿತು; ಯಾದವ್–ಪಟೇಲರ ಬಣ ಹೆಗಡೆಯವರ ಲೋಕಶಕ್ತಿಯೊಂದಿಗೆ ಸೇರಿ ಜೆಡಿಯು ಆಯಿತು. ಹಳೆಯ ಚಕ್ರದ ಚಿಹ್ನೆ ಇಬ್ಬರಿಗೂ ದಕ್ಕಲಿಲ್ಲ. ಜಗಳದ ಕಾರಣ ಮೇಲ್ನೋಟಕ್ಕೆ ಜಾತ್ಯತೀತತೆಯಾಗಿತ್ತು, ಪಕ್ಷದ ಹೆಸರಿನಲ್ಲಿಯೂ ಅದೇ ಕೂತಿತು. ಆದರೆ ಹೆಗಡೆ ಮತ್ತು ದೇವೇಗೌಡರ ನಡುವಿನ ಹಗೆತನ ಇಲ್ಲದಿದ್ದರೆ ಇದು ಇಷ್ಟು ದೂರ ಹೋಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೋಕಸಭೆಯ ಜೊತೆಗೇ ನಡೆದ ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 132, ಬಿಜೆಪಿ 44, ಜೆಡಿಯು 18, ಜೆಡಿಎಸ್ 10 ಸ್ಥಾನ ಪಡೆದವು. ಮತಪ್ರಮಾಣದಲ್ಲಿಯೂ ಜೆಡಿಯು ಶೇ 13ಕ್ಕಿಂತ ಹೆಚ್ಚು ಪಡೆದು, ಶೇ 10ರ ಆಸುಪಾಸಿನಲ್ಲಿದ್ದ ಜೆಡಿಎಸ್‌ಗಿಂತ ಮುಂದಿತ್ತು. ಹಾಸನದಲ್ಲಿ ಸ್ವತಃ ದೇವೇಗೌಡರೇ ಸೋತಿದ್ದರು. ಆದರೆ ಐದೇ ವರ್ಷದಲ್ಲಿ, 2004ರಲ್ಲಿ, ಜೆಡಿಎಸ್ 58ಕ್ಕೆ ಏರಿತು, ಜೆಡಿಯು 5ಕ್ಕೆ ಇಳಿಯಿತು.

ಜೆಡಿಯು ಬಳಿ ನಾಯಕರಿದ್ದರು, ಆದರೆ ಅದಕ್ಕೆ ತನ್ನದೇ ಎನ್ನುವ ನೆಲವಿರಲಿಲ್ಲ. ಅದರ ಬಲವಿದ್ದದ್ದು ಹೆಚ್ಚಾಗಿ ಮಧ್ಯ ಮತ್ತು ಉತ್ತರ ಕರ್ನಾಟಕದ ಲಿಂಗಾಯತ ಮತಗಳಲ್ಲಿ. ಅವೇ ಮತಗಳ ಮೇಲೆ ಮಿತ್ರಪಕ್ಷವಾದ ಬಿಜೆಪಿಯ ಕಣ್ಣೂ ಇತ್ತು. ಒಂದೇ ಹೊಲವನ್ನು ಇಬ್ಬರು ಉಳುವಾಗ ಎತ್ತು ಬಲವಾಗಿದ್ದವನಿಗೇ ಹೊಲ ಉಳಿಯುತ್ತದೆ. 2000ದ ಡಿಸೆಂಬರಿನಲ್ಲಿ ಪಟೇಲರು, 2004ರ ಜನವರಿಯಲ್ಲಿ ಹೆಗಡೆಯವರು ತೀರಿಕೊಂಡರು; ಎರಡನೆಯ ಸಾಲಿನವರು ಒಬ್ಬೊಬ್ಬರಾಗಿ ಬೇರೆ ಪಕ್ಷಗಳನ್ನು ಸೇರಿದರು. 2008ರಲ್ಲಿ ಜೆಡಿಯು ಬಿಟ್ಟು ಬಿಜೆಪಿಗೆ ಹೋದ ಬಸವರಾಜ ಬೊಮ್ಮಾಯಿಯವರು 2021ರಲ್ಲಿ ಮುಖ್ಯಮಂತ್ರಿಯಾದರು. ಅವರ ತಂದೆ ಎಸ್.ಆರ್. ಬೊಮ್ಮಾಯಿ ಜನತಾ ಪರಿವಾರದ ಮುಖ್ಯಮಂತ್ರಿಯಾಗಿದ್ದವರು ಎಂಬುದನ್ನು ನೆನೆದರೆ ಆ ಮತಗಳು ಎಲ್ಲಿಗೆ ಹೋದವೆಂಬುದು ತಿಳಿಯುತ್ತದೆ.

ಜೆಡಿಎಸ್ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಹಳೆ ಮೈಸೂರು ಭಾಗದಲ್ಲಿ, ಅಂದರೆ ಹಾಸನ, ಮಂಡ್ಯ, ರಾಮನಗರ, ತುಮಕೂರು, ಕೋಲಾರಗಳಲ್ಲಿ, ಒಕ್ಕಲಿಗರ ಮತ ಒತ್ತಾಗಿರುವುದರಿಂದ ರಾಜ್ಯಮಟ್ಟದಲ್ಲಿ ಕಡಿಮೆಯೆನಿಸುವ ಮತಪ್ರಮಾಣವೂ ಸ್ಥಾನಗಳಾಗಿ ಪರಿವರ್ತನೆಯಾಗುತ್ತದೆ. ಅಲ್ಲಿ ಎದುರಾಳಿ ಕಾಂಗ್ರೆಸ್ ಒಂದೇ ಆದ್ದರಿಂದ, ಕಾಂಗ್ರೆಸ್ಸಿನ ಮೇಲೆ ಮುನಿದವನಿಗೆ ಬೇರೆ ಬಾಗಿಲೂ ಇರಲಿಲ್ಲ. ಎಸ್.ಎಂ. ಕೃಷ್ಣ ಅವರ ಆಡಳಿತದಲ್ಲಿ ಬರ ಮೇಲಿಂದ ಮೇಲೆ ಬಂದಾಗ ರೈತರ ಪರ ದನಿಯೆತ್ತುವ ಸ್ಥಾನ ತಾನಾಗಿ ಜೆಡಿಎಸ್‌ಗೆ ಸಿಕ್ಕಿತು. 2002ರ ಕನಕಪುರ ಲೋಕಸಭಾ ಉಪಚುನಾವಣೆಯಲ್ಲಿ ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದ್ದು ಪಕ್ಷಕ್ಕೆ ಮರುಜೀವ ಕೊಟ್ಟ ಘಟನೆ.

ಉಳಿಸಿದ ಆ ನೆಲವೇ ಅದನ್ನು ಕಟ್ಟಿಯೂ ಹಾಕಿತು. 2004ರ 58 ಸ್ಥಾನಗಳಲ್ಲಿ ಹಳೆ ಮೈಸೂರಿನಾಚೆಯವೂ ಇದ್ದವು; ಸಿದ್ದರಾಮಯ್ಯನವರು ಹಿಂದುಳಿದ ವರ್ಗಗಳ ಮತಗಳನ್ನು ತಂದುಕೊಟ್ಟಿದ್ದರು. 2005ರಲ್ಲಿ ಅವರು ಪಕ್ಷದಿಂದ ಹೊರಬಿದ್ದರು, 2007ರಲ್ಲಿ ಜೊತೆಯಾಗಿ ಸರ್ಕಾರ ನಡೆಸುತ್ತಿದ್ದ ಬಿಜೆಪಿಗೆ ಒಪ್ಪಂದದಂತೆ ಅಧಿಕಾರ ಹಸ್ತಾಂತರಿಸದ ಕಾರಣ ಲಿಂಗಾಯತರು ದೂರವಾದರು, 2008ರಲ್ಲಿ ಸ್ಥಾನಗಳು 28ಕ್ಕೆ ಕುಸಿದವು. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳನ್ನೂ ಗೆದ್ದ ಪಕ್ಷ 2023ರಲ್ಲಿ ಅಲ್ಲಿ ಒಂದನ್ನಷ್ಟೇ ಉಳಿಸಿಕೊಂಡು, ರಾಜ್ಯದಲ್ಲಿ 19ಕ್ಕೆ ನಿಂತಿತು. ಅದೇ ವರ್ಷ ಅದು ಎನ್‌ಡಿಎ ಸೇರಿತು. 1999ರಲ್ಲಿ ಯಾವುದನ್ನು ಒಪ್ಪದೆ ಹುಟ್ಟಿತೋ ಅದನ್ನೇ ಒಪ್ಪಿಕೊಂಡಿತು. ಕೇರಳ ಘಟಕ ಮಾತ್ರ ಜೊತೆಗೆ ಬರಲಿಲ್ಲ, ಎಡರಂಗದಲ್ಲಿಯೇ ಉಳಿಯಿತು.

ಹೋಲಿಕೆಗೆ ಕರ್ನಾಟಕ ಜನತಾ ಪಕ್ಷವನ್ನು (ಕೆಜೆಪಿ) ನೋಡಿ. ಬಿ.ಎಸ್. ಯಡಿಯೂರಪ್ಪನವರು 2012ರ ಡಿಸೆಂಬರಿನಲ್ಲಿ ಹಾವೇರಿಯಲ್ಲಿ ದೊಡ್ಡ ಸಮಾವೇಶ ನಡೆಸಿ ಅದಕ್ಕೆ ಚಾಲನೆ ಕೊಟ್ಟರು. 2013ರಲ್ಲಿ ಅದು ಪಡೆದದ್ದು ಸುಮಾರು ಶೇ 10ರಷ್ಟು ಮತ. 1999ರಲ್ಲಿ ಜೆಡಿಎಸ್ ಪಡೆದದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕೆಜೆಪಿಯ ಮತ ಹತ್ತಾರು ಕ್ಷೇತ್ರಗಳಲ್ಲಿ ತೆಳುವಾಗಿ ಹರಡಿತ್ತು, ಗೆದ್ದದ್ದು 6 ಸ್ಥಾನ. ಬಿಜೆಪಿಯನ್ನು 110ರಿಂದ 40ಕ್ಕೆ ಇಳಿಸುವುದರಲ್ಲಿ ಅದು ದೊಡ್ಡ ಪಾತ್ರ ವಹಿಸಿತು. ಆ ಕೆಲಸ ಮುಗಿದ ಮೇಲೆ ಅದಕ್ಕೆ ಉಳಿಯಲು ಕಾರಣವಿರಲಿಲ್ಲ, 2014ರ ಜನವರಿಯಲ್ಲಿ ಯಡಿಯೂರಪ್ಪನವರು ಮರಳಿ ಬಿಜೆಪಿ ಸೇರಿದರು. 1994ರಲ್ಲಿ ಎಸ್. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ ಗೆದ್ದದ್ದು 10 ಸ್ಥಾನ; ಅವರೂ ಮುಂದೆ ಕಾಂಗ್ರೆಸ್ಸಿಗೆ ಮರಳಿದವರೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಮೊದಲು, ಶಾಸಕರಲ್ಲಿ ಮೂರನೇ ಒಂದು ಭಾಗ ಬೇರ್ಪಟ್ಟರೆ ಅದನ್ನು ವಿಭಜನೆಯೆಂದು ಮನ್ನಿಸಿ ಅವರ ಸದಸ್ಯತ್ವ ಉಳಿಸುವ ಅವಕಾಶವಿತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಮೂರನೇ ಎರಡು ಭಾಗದಷ್ಟು ಶಾಸಕರು ಒಪ್ಪಿದ ವಿಲೀನಕ್ಕೆ ಮಾತ್ರ ರಕ್ಷಣೆಯಿದೆ. ಹೀಗಾಗಿ ಅತೃಪ್ತ ಬಣಕ್ಕೆ ಹೊಸ ಪಕ್ಷ ಕಟ್ಟುವುದಕ್ಕಿಂತ ರಾಜೀನಾಮೆ ಕೊಟ್ಟು ಎದುರು ಪಕ್ಷದ ಟಿಕೆಟ್ ಪಡೆಯುವುದೇ ಹಗುರವಾದ ದಾರಿ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಸಮ್ಮಿಶ್ರ ಸರ್ಕಾರವನ್ನು ಬೀಳಿಸಿದ 17 ಶಾಸಕರು ಹೊಸ ಪಕ್ಷ ಕಟ್ಟುವ ಗೋಜಿಗೇ ಹೋಗಲಿಲ್ಲ. ಆ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಅವರಲ್ಲಿ ಹೆಚ್ಚಿನವರು ಬಿಜೆಪಿ ಅಭ್ಯರ್ಥಿಗಳಾಗಿ ನಿಂತರು, ಪಕ್ಷ 12ರಲ್ಲಿ ಗೆದ್ದಿತು.