ಜಪಾನಿನಲ್ಲಿ ಟೋಕಿಯೋ ಚಾನೆಲ್‌ಗಳೇ ಎಲ್ಲಾ ಕಡೆ ಬರುವಾಗ ಲೋಕಲ್ ಟಿವಿಗೆ ಏನು ಕೆಲಸ?

ನಾನಿರೋದು ಕೋಬೆಯಲ್ಲಿ, ಹಂಗಾಗಿ ಇಲ್ಲಿನ ಸನ್ ಟಿವಿ ಬಗ್ಗೆನೇ ಹೇಳ್ತೀನಿ (ಚೆನ್ನೈನ ಸನ್ ಟಿವಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಹೆಸರು ಒಂದೇ ಅಷ್ಟೆ). 1969ರಲ್ಲಿ ಶುರುವಾದ ಚಾನೆಲ್, ಹ್ಯೋಗೊ ಪ್ರಾಂತಕ್ಕೆ ಸೇರಿದ್ದು, ಆದ್ರೆ ಪಕ್ಕದ ಒಸಾಕಾದಲ್ಲೂ ಎಷ್ಟೋ ಮನೆಗಳಲ್ಲಿ ಸಿಗುತ್ತೆ.

ಜಪಾನಿನ ಬಹುತೇಕ ಲೋಕಲ್ ಸ್ಟೇಷನ್‌ಗಳು ಟೋಕಿಯೋದ ಐದು ದೊಡ್ಡ ಚಾನೆಲ್‌ಗಳಲ್ಲಿ ಯಾವುದಾದ್ರೂ ಒಂದರ ನೆಟ್‌ವರ್ಕ್‌ಗೆ ಸೇರ್ಕೊಂಡಿರ್ತವೆ, ಪ್ರೈಮ್ ಟೈಮಲ್ಲಿ ಅಲ್ಲಿಂದ ಬಂದಿದ್ದೇ ಹಾಕ್ಬೇಕು. ಯಾವ ನೆಟ್‌ವರ್ಕಿಗೂ ಸೇರದೆ ಇರೋ ಸ್ಟೇಷನ್‌ಗಳು ಹದಿಮೂರು, ಸನ್ ಟಿವಿ ಅದ್ರಲ್ಲೊಂದು. ದುಡ್ಡು ಕಮ್ಮಿ, ಆದ್ರೆ ಟೈಮ್ ಇವರ ಕೈಯಲ್ಲೇ ಇರುತ್ತೆ, ಅದೇ ಇವರ ಬಂಡವಾಳ.

ಇದು ಗೊತ್ತಾಗೋದು ಬೇಸ್‌ಬಾಲ್ ಸೀಸನ್ನಲ್ಲಿ. ಹಾನ್ಶಿನ್ ಟೈಗರ್ಸ್ ಇಲ್ಲಿಯವರ ಟೀಮು, ಹೋಂ ಗ್ರೌಂಡ್ ಕೋಶಿಯೆನ್ ಇರೋದು ಇದೇ ಪ್ರಾಂತದ ನಿಶಿನೋಮಿಯಾದಲ್ಲಿ. ಆಟ ಶುರುವಾಗೋದು ಸಂಜೆ ಆರಕ್ಕೆ, ದೊಡ್ಡ ಚಾನೆಲ್ಲು ಏಳಕ್ಕೆ ಲೈವ್ ಶುರು ಮಾಡಿ ಒಂಬತ್ತರ ಹೊತ್ತಿಗೆ, ಸ್ಕೋರ್ ಸಮ ಇದ್ರೂ ಸರಿ, ಇನ್ನೇನು ರನ್ ಬರೋ ಹಾಗೆ ಬೇಸಲ್ಲಿ ಇಬ್ರು ನಿಂತಿದ್ರೂ ಸರಿ, ಟಕ್ ಅಂತ ನಿಲ್ಲಿಸಿ ಡ್ರಾಮಾ ಹಾಕಿಬಿಡುತ್ತೆ, ಆಗ ಎಲ್ರೂ ರಿಮೋಟ್ ಹಿಡ್ಕೊಂಡು ಸನ್ ಟಿವಿಗೆ ಬರ್ತಾರೆ. ಎಲ್ಲಾ ಮ್ಯಾಚೂ ಇವರಿಗೆ ಸಿಗಲ್ಲ, ಆದ್ರೆ ಸಿಕ್ಕಿದ ಮ್ಯಾಚು ಮಾಮೂಲಿ ಒಂಬತ್ತು ಇನ್ನಿಂಗ್ಸಲ್ಲಿ ಮುಗೀದೆ ಹನ್ನೆರಡನೇ ಇನ್ನಿಂಗ್ಸ್‌ಗೆ ಹೋದ್ರೂ ಕೊನೇ ಔಟ್‌ವರೆಗೂ ತೋರಿಸ್ತಾರೆ. ಕಾಮೆಂಟರಿನೂ ಮುಚ್ಚುಮರೆ ಇಲ್ಲದೆ ಟೈಗರ್ಸ್ ಪರ. ಕೋಶಿಯೆನ್‌ನಲ್ಲಿ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತೆ, ಲೆಫ್ಟ್ ಹ್ಯಾಂಡರ್ ಬಲಗಡೆಗೆ ಎತ್ತಿ ಹೊಡೆದ ಚೆಂಡು ಹೋಂ ರನ್ (ನಮ್ಮ ಸಿಕ್ಸರ್ ತರ) ಆಯ್ತು ಅಂದ್ಕೊಳೋಷ್ಟರಲ್ಲಿ ಗಾಳಿಗೆ ವಾಪಸ್ ಬಂದು ಫೀಲ್ಡರ್ ಕೈಗೆ ಬೀಳುತ್ತೆ, ಆಗ ಕಾಮೆಂಟರಿಯವರ ಸಂಕಟ ಕೇಳ್ಬೇಕು ನೀವು!

ಇನ್ನೊಂದು, 1995 ಜನವರಿ 17ರ ಕೋಬೆ ಭೂಕಂಪ. 6,400ಕ್ಕೂ ಜಾಸ್ತಿ ಜನ ಹೋದ್ರು. ಆಗ ಸನ್ ಟಿವಿ ಆಫೀಸು ಇದ್ದಿದ್ದು ಪೋರ್ಟ್ ಐಲ್ಯಾಂಡಲ್ಲಿ, ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ದ್ವೀಪ ಅದು, ನೆಲದೊಳಗಿಂದ ಕೆಸರು ಉಕ್ಕಿ ಬಂದಿತ್ತು. ನನ್ನ ಹಿರಿಯ ಕೊಲೀಗ್ ಒಬ್ರು ಹೇಳೋ ಪ್ರಕಾರ ದೇಶದ ಚಾನೆಲ್‌ಗಳು ಉರುಳಿಬಿದ್ದ ಎಕ್ಸ್‌ಪ್ರೆಸ್ ವೇನೇ ಮತ್ತೆ ಮತ್ತೆ ತೋರಿಸ್ತಿದ್ವು, ಆದ್ರೆ ಇಲ್ಲಿನ ಜನಕ್ಕೆ ಬೇಕಿದ್ದಿದ್ದು ನೀರಿನ ಟ್ಯಾಂಕರ್ ಎಲ್ಲಿಗೆ ಬರುತ್ತೆ, ಗ್ಯಾಸ್ ಯಾವಾಗ ಬರುತ್ತೆ ಅನ್ನೋದು. ಅದನ್ನ ಹೇಳೋದು ಲೋಕಲ್ ಸ್ಟೇಷನ್ನಿಗೆ ಬಿಟ್ರೆ ಇನ್ಯಾರಿಗೂ ಆಗಲ್ಲ.

ಜಪಾನಿಗೆ ಬಂದಾಗ ನೋಡೋದಾದ್ರೆ ಹಗಲು ಹೊತ್ತು ಹಾಕ್ಬೇಡಿ, ಟೆಲಿಶಾಪಿಂಗ್ ನೋಡಿ ತಲೆ ಕೆಡುತ್ತೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಬನ್ನಿ, ಸಂಜೆ ಆರರ ಮೇಲೆ ಹಾಕಿ.