ಜಿಸಿಎಸ್‌ಇ ಆದ ಮೇಲೆ ಸಿಕ್ಸ್ತ್ ಫಾರ್ಮೋ, ಕಾಲೇಜೋ?

ಅಕ್ಕಾ, ಜಿಸಿಎಸ್‌ಇ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿಯಂಥ ಇಲ್ಲಿನ ಪರೀಕ್ಷೆ ಆದ ಮೇಲೆ ಮಗಳು ಶಾಲೆಯ ಸಿಕ್ಸ್ತ್ ಫಾರ್ಮ್‌ನಲ್ಲೇ (ಶಾಲೆಯೊಳಗೇ ನಡೆಯುವ ಕೊನೆಯ ಎರಡು ವರ್ಷ) ಇರಬೇಕಾ, ಕಾಲೇಜಿಗೆ ಹೋದರೆ ಹಾಳಾಗ್ತಾಳಾ ಅಂತ ಕೇಳಿದ್ದೀರಿ. 2016ರಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು. ಹಾಸನದಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮೂರು ವರ್ಷವಾಗಿತ್ತು. ಶಾಲೆಗೆ ಹತ್ತು ನಿಮಿಷದ ನಡಿಗೆ, ಕಾಲೇಜಿಗೆ ಎರಡು ಬಸ್. ಶಾಲೆಯಲ್ಲೇ ಉಳಿದೆ.

ನಾನು ಎಡವಿದ್ದು ಅಲ್ಲಲ್ಲ. ಶಾಲೆಯವರು ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಕಾಲಂ. ಒಂದು ಕಾಲಂನಲ್ಲಿರುವ ತರಗತಿಗಳೆಲ್ಲ ಒಂದೇ ಹೊತ್ತಿಗೆ ನಡೆಯುತ್ತವೆ, ಹಾಗಾಗಿ ಅದರಿಂದ ಒಂದೇ ವಿಷಯ ಆರಿಸಬಹುದು. ಒಟ್ಟು ಮೂರು ಬೇಕು. ಕೆಮಿಸ್ಟ್ರಿ, ಸೈಕಾಲಜಿ ಒಂದೇ ಕಾಲಂನಲ್ಲಿದ್ದವು. ಗೆಳತಿ ಸೈಕಾಲಜಿ ಅಂದಳು, ನಾನೂ ಅದಕ್ಕೇ ಟಿಕ್ ಹಾಕಿದೆ. ಉಳಿದೆರಡು ಬಯಾಲಜಿ, ಮ್ಯಾಥ್ಸ್. ಕೆಮಿಸ್ಟ್ರಿ ಜಿಸಿಎಸ್‌ಇಯಲ್ಲಿ ಓದಿದ್ದೇನಲ್ಲ, ಸಾಕು ಅನ್ನಿಸಿತ್ತು. ಅಪ್ಪ ಸಹಿ ಹಾಕಿದರು. ಅವರ ತಲೆಯಲ್ಲಿದ್ದದ್ದು ನಮ್ಮ ಪಿಯುಸಿ. ಅಲ್ಲಿ ಪಿಸಿಎಂಬಿ ಅಂದರೆ ನಾಲ್ಕೂ ಒಟ್ಟಿಗೇ ಬರುತ್ತವೆ. ಬಯಾಲಜಿ ಇದ್ದ ಮೇಲೆ ಕೆಮಿಸ್ಟ್ರಿ ಇದ್ದೇ ಇರುತ್ತೆ ಅಂದುಕೊಂಡರು. ಜಿಸಿಎಸ್‌ಇ ಆದ ಮೇಲೆ ಇಲ್ಲಿ ಎರಡು ವರ್ಷ ಓದುವ ಎ ಲೆವೆಲ್‌ನಲ್ಲಿ ಹಾಗಿಲ್ಲ. ಟಿಕ್ ಹಾಕಿದ್ದಷ್ಟೇ ನಿಮ್ಮದು.

ನನಗೆ ಬೇಕಿದ್ದದ್ದು ಫಾರ್ಮಸಿ. ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂನಿವರ್ಸಿಟಿ ಸೇರಲು ಹಾಕುವ ಯೂಕ್ಯಾಸ್ ಅರ್ಜಿ ತುಂಬಲು ಕೂತಾಗ, ನಾನು ತೆರೆದು ನೋಡಿದ ಕೋರ್ಸುಗಳೆಲ್ಲ ಕೆಮಿಸ್ಟ್ರಿ ಕೇಳುತ್ತಿದ್ದವು. ಆ ರಾತ್ರಿ ಅಪ್ಪನಿಗೆ ಹೇಳಲು ಬಾಯೇ ಬರಲಿಲ್ಲ.

ಕೊನೆಗೆ 2018ರಲ್ಲಿ, ನಾವು ಬೇಡ ಅಂದಿದ್ದ ಅದೇ ಕಾಲೇಜಿಗೆ ಹೋದೆ. ಎರಡು ವರ್ಷದ ಕೆಮಿಸ್ಟ್ರಿಯನ್ನು ಒಂದೇ ವರ್ಷದಲ್ಲಿ ಮುಗಿಸಿದೆ. ಕನಿಷ್ಠ 12 ಪ್ರಯೋಗ ಮಾಡಲೇಬೇಕು. ಗುರುವಾರ ಸಂಜೆಯೆಲ್ಲ ಲ್ಯಾಬಿನಲ್ಲೇ ಕಳೆಯುತ್ತಿತ್ತು. ಅಲ್ಲಿ ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ, ಯೂನಿಫಾರ್ಮ್ ಇಲ್ಲ, ಬಿಡುವಿದ್ದಾಗ ಹೊರಗೆ ಹೋಗಬಹುದು. ಅದರಿಂದ ಯಾರೂ ಹಾಳಾದದ್ದನ್ನು ನಾನು ನೋಡಲಿಲ್ಲ. ನನ್ನ ಬೆಂಚಿನವರು ನನಗಿಂತ ಜಾಸ್ತಿ ಓದುತ್ತಿದ್ದರು. ಮುಂದೆ ನಾಲ್ಕು ವರ್ಷ ಎಂಫಾರ್ಮ್ (ಇಲ್ಲಿ ಫಾರ್ಮಸಿಯ ಮೊದಲ ಡಿಗ್ರಿಯೇ ಇದು), ಒಂದು ವರ್ಷ ತರಬೇತಿ. ಈಗ ಫಾರ್ಮಸಿಸ್ಟ್. ಜೊತೆಯವರಿಗಿಂತ ಒಂದು ವರ್ಷ ತಡವಾಯಿತು. ಆ ವರ್ಷ ಅಮ್ಮ ಊರಿನ ಫೋನ್ ಬಂದರೆ ತೆಗೆಯುತ್ತಲೇ ಇರಲಿಲ್ಲ.

ಹಾಗಾಗಿ ಶಾಲೆಯೋ ಕಾಲೇಜೋ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ ಅಕ್ಕಾ. ಮೊದಲು ಮಗಳಿಗೆ ಯಾವ ಕೋರ್ಸ್ ಇಷ್ಟ ಕೇಳಿ. ನಾಲ್ಕೈದು ಯೂನಿವರ್ಸಿಟಿಗಳ ಪುಟ ತೆರೆದು, ಯಾವ ವಿಷಯ ಕೇಳುತ್ತಾರೆ ಬರೆದಿಟ್ಟುಕೊಳ್ಳಿ. ಆಮೇಲೆ ಎರಡೂ ಕಡೆಯ ಕಾಲಂ ಹಾಳೆ ತರಿಸಿ. ಆ ಮೂರು ವಿಷಯ ಎಲ್ಲಿ ಒಟ್ಟಿಗೆ ಸಿಗುತ್ತವೋ ಅಲ್ಲಿಗೇ ಕಳಿಸಿ, ಎರಡು ಬಸ್ ಆದರೂ ಸರಿ. ಎರಡೂ ಕಡೆ ಅರ್ಜಿ ಹಾಕಬಹುದು, ಆಗಸ್ಟ್‌ನಲ್ಲಿ ಜಿಸಿಎಸ್‌ಇ ಫಲಿತಾಂಶ ಬಂದ ಮೇಲೆ ಸೇರಿದರಾಯಿತು. ಹಾಳೆ ಕೈಗೆ ಬಂದಾಗ ಯಾವ ಕಾಲಂನಲ್ಲಿ ಏನಿದೆ ಅಂತ ಇಲ್ಲೇ ಬರೆಯಿರಿ, ನಾನೂ ಕೂತು ನೋಡುತ್ತೇನೆ.