ಹೆಮಾ ಫ್ರೀ ಅಂತ ಬರೆದಿದ್ದರೆ ಸಾಲದು

ಹಿಂದೆ ಜೆಲ್ ನೇಲ್ ಪಾಲಿಶ್ ಹಚ್ಚಿದಾಗ ಉಗುರಿನ ಸುತ್ತ ತುರಿಕೆ ಬಂದಿತ್ತು, ಈಗ ವಿರಾಜಪೇಟೆಯಲ್ಲಿ ಅಕ್ಕನ ಮದುವೆಗೆ ತರಿಸಿದ ಜೆಲ್ ಕಿಟ್ ಮೇಲೆ ‘ಹೆಮಾ ಫ್ರೀ’ ಅಂತ ಇದೆ, ಹಚ್ಚಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಹಚ್ಚಬೇಡಿ.

ಹೆಮಾ ಅಂದರೆ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಜೆಲ್ ಅಲರ್ಜಿಯಲ್ಲಿ ಜಾಸ್ತಿ ಸಿಕ್ಕಿಬೀಳುವುದು ಇದೇ. ಆದರೆ ಇದನ್ನು ತೆಗೆದು ಇದರ ದಾಯಾದಿಗಳನ್ನು ಹಾಕಿರಬಹುದು. ಡಬ್ಬಿಯ ಹಿಂದಿನ ಸಣ್ಣಕ್ಷರದ ಪಟ್ಟಿ ನೋಡಿ. ಹೈಡ್ರಾಕ್ಸಿಪ್ರೊಪೈಲ್ ಮೆಥಾಕ್ರಿಲೇಟ್, ಐಸೊಬೋರ್ನೈಲ್ ಅಕ್ರಿಲೇಟ್, ಡೈ-ಹೆಮಾ ಎಂದು ಶುರುವಾಗುವ ಉದ್ದನೆಯ ಹೆಸರು, ಹೀಗೆ ಅಕ್ರಿಲೇಟ್ ಕುಟುಂಬದ್ದು ಯಾವುದಿದ್ದರೂ ನಿಮಗೆ ಅಪಾಯವೇ. ದೀಪದಲ್ಲಿ ಗಟ್ಟಿಯಾಗುವ ಜೆಲ್‌ನಲ್ಲಿ ಇವು ಇದ್ದೇ ಇರುತ್ತವೆ ಅನ್ನಬಹುದು. ಪಟ್ಟಿಯೇ ಇಲ್ಲದ ಕಿಟ್ ಆದರೆ ಸುಮ್ನೆ ವಾಪಸ್ ಕಳಿಸಿ.

‘10 ಫ್ರೀ’ (ಹತ್ತು ರಾಸಾಯನಿಕ ಇಲ್ಲ) ಅಂತ ನೋಡಿಯೂ ನಂಬಬೇಡಿ. ಅದು ಸಾಮಾನ್ಯವಾಗಿ ಟಾಲ್ಯೂನ್, ಫಾರ್ಮಾಲ್ಡಿಹೈಡ್‌ನಂಥವುಗಳ ಮಾತು, ಅಕ್ರಿಲೇಟ್ ಬಗ್ಗೆ ಅಲ್ಲ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಲ್ಲಿಗೆ ತುಂಬುವ ಬಿಳಿ ಸಿಮೆಂಟ್‌ನಲ್ಲೂ, ಮೈಗೆ ಅಂಟಿಸಿಕೊಳ್ಳುವ ಕೆಲವು ಶುಗರ್ ಸೆನ್ಸರ್‌ಗಳ ಅಂಟಿನಲ್ಲೂ ಇದೇ ಜಾತಿಯ ಪದಾರ್ಥ ಇರುತ್ತದೆ. ಮುಂದೆ ಅಲ್ಲೂ ತೊಂದರೆ ಆಗಬಹುದು ಅಲ್ವಾ? ಕೈಯಿಂದ ಮುಟ್ಟಿ ಮುಟ್ಟಿ ಕಣ್ಣಿನ ರೆಪ್ಪೆ ಊದಿಕೊಳ್ಳುವುದೂ ಉಂಟು.

ಮನೆಯಲ್ಲಿ ಕೈ ಮೇಲೆ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುವುದೇ ಅಲರ್ಜಿಯ ಮೂಲ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಚರ್ಮರೋಗ ವೈದ್ಯರನ್ನು ಕಂಡು ಪ್ಯಾಚ್ ಟೆಸ್ಟ್ (ಯಾವ ಪದಾರ್ಥಕ್ಕೆ ಅಲರ್ಜಿ ಎಂದು ವೈದ್ಯರು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಕಿಟ್ ಡಬ್ಬಿಯನ್ನೂ ಒಯ್ಯಿರಿ.

ಮದುವೆಗೆ ಗಾಳಿಯಲ್ಲಿ ಒಣಗುವ ಮಾಮೂಲಿ ನೇಲ್ ಪಾಲಿಶ್ ಸಾಕು. ಅದನ್ನೂ ತುರಿಕೆ ಪೂರ್ತಿ ಹೋದ ಮೇಲೆ ಹಚ್ಚಿ.